ದೊರೆಯ ಮುಖ

‘ಹಲ್ಲು ನೋವಾ?’ ಎಂದಳು ಹೆಂಡತಿ.

ಅಲ್ಲ. ಅವನು ಕನ್ನಡಿಯ ಮುಂದೆ ನಿಂತು ಸಂಕೋಚಪಡುವುದನ್ನು ಅಭ್ಯಾಸ ಮಾಡುತ್ತಿದ್ದ. ಇವತ್ತು ವೃತ್ತದಲ್ಲಿ ಪರದೆ ಸರಿದಾಗ ಜನ ಮೊದಲು ಪ್ರತಿಮೆಯನ್ನು ನೋಡುತ್ತಾರೆ, ಆಮೇಲೆ ಅವನನ್ನು, ಆಮೇಲೆ ಮತ್ತೆ ಪ್ರತಿಮೆಯನ್ನು. ಆಗ ಏನೂ ಅರಿಯದವನ ಹಾಗೆ ತಲೆ ತಗ್ಗಿಸಬೇಕು. ಅದು ಸುಲಭಕ್ಕೆ ಬರುತ್ತಿರಲಿಲ್ಲ. ಎರಡು ಸಲ ಶಾಸಕನಾಗಿದ್ದವನ ಕುತ್ತಿಗೆ. ಕನ್ನಡಿಯೂ ಇತ್ತೀಚೆಗೆ ವಿರೋಧಪಕ್ಷ ಸೇರಿತ್ತು.

ಮೂರನೆಯ ಸಲ ಅವನು ಹೀನಾಯವಾಗಿ ಸೋತಿದ್ದ. ವರಾಂಡದ ಕುರ್ಚಿಗಳು ಖಾಲಿಯಾದವು, ಫೋನು ಬಾಯಿ ಮುಚ್ಚಿತು. ಬದುಕಿದ್ದವರು ಕೈಕೊಟ್ಟ ಮೇಲೆ ಸತ್ತವರ ಕಡೆ ತಿರುಗಿ, ಊರು ಕಟ್ಟಿದ ಹಳೆಯ ದೊರೆಯ ಚರಿತ್ರೆ ಬರೆದ. ಸತ್ತವರು ಪಕ್ಷಾಂತರ ಮಾಡುವುದಿಲ್ಲವೆಂಬುದೇ ಅವನಿಗೆ ದೊಡ್ಡ ನೆಮ್ಮದಿಯಾಗಿತ್ತು.

ದೊರೆಯ ಚಿತ್ರ ಎಲ್ಲೂ ಉಳಿದಿರಲಿಲ್ಲ. ‘ಮುಖಕ್ಕೇನು ಮಾಡ್ಲಿ?’ ಎಂದು ಮುಖಪುಟದ ಚಿತ್ರಕಾರ ಕೇಳಿದಾಗ ತನ್ನ ಮೊದಲ ಚುನಾವಣೆಯ ಫೋಟೋ ಕೊಟ್ಟು, ‘ಸುಮ್ನೆ, ಅಂದಾಜಿಗಿರ್ಲಿ’ ಎಂದಿದ್ದ. ಚಿತ್ರಕಾರ ಸೋಮಾರಿ. ಮೀಸೆ, ಕಿರೀಟ ಸೇರಿಸಿ ಕೈತೊಳೆದುಕೊಂಡ. ಪುಸ್ತಕ ಬಂದ ದಿನ ಹೆಂಡತಿ ಮುಖಪುಟ ನೋಡಿ, ‘ಈ ದೊರೆ ನಿಮ್ಮಣ್ಣನ ಥರಾನೇ ಇದಾನಲ್ರೀ’ ಎಂದಿದ್ದಳು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಅದೇ ಮುಖಪುಟ ನೋಡಿಕೊಂಡು ಪುರಸಭೆ ಈಗ ಕಂಚಿನ ಪ್ರತಿಮೆ ಮಾಡಿಸಿತ್ತು. ಒಬ್ಬರು, ಒಬ್ಬರೇ ಒಬ್ಬರು, ಗುರುತು ಹಿಡಿದರೆ ಸಾಕಿತ್ತು ಅವನಿಗೆ.

ಪುರಸಭೆಯ ಅಧ್ಯಕ್ಷ ಒಂದು ಕಾಲಕ್ಕೆ ಅವನ ಹಿಂದೆ ಛತ್ರಿ ಹಿಡಿದು ಓಡಾಡಿದವನು. ವೃತ್ತದಲ್ಲಿ ಆ ಅಧ್ಯಕ್ಷನೇ ಹಗ್ಗ ಎಳೆದ. ಪರದೆ ಬಿತ್ತು. ಎದೆಯವರೆಗಿನ ಪ್ರತಿಮೆ, ಪೀಠ ಗಿಡ್ಡ. ದೊರೆಯ ಕಣ್ಣು ನಿಂತವರ ಕಣ್ಣಿನ ಮಟ್ಟಕ್ಕೇ ಇತ್ತು. ಚಪ್ಪಾಳೆ. ಅವನು ತಲೆ ತಗ್ಗಿಸಿದ. ಎತ್ತಿದಾಗ ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಇನ್ನೊಮ್ಮೆ ತಗ್ಗಿಸಿದ.

‘ಏನಾದ್ರೂ ಬಿತ್ತಾ?’ ಎಂದರು ಪಕ್ಕದವರು.

ಅಧ್ಯಕ್ಷ ಹತ್ತಿರ ಬಂದ. ‘ಸಾರ್, ದೊರೆ ನಿಜವಾಗ್ಲೂ ಹೀಗೇ ಇದ್ರಾ?’

‘ಆಧಾರ ಇದೆ.’

‘ಏನು?’

‘ಹಳೇ ಚಿತ್ರ ಒಂದು.’

‘ಅದೇ ಅನ್ಕೊಂಡೆ. ಎಂಥ ಕಳೆ ನೋಡಿ! ನಮ್ಮಂಥೋರಿಗೆ ಎಲ್ಲಿ ಬರ್ಬೇಕು ಇಂಥ ಮುಖ?’

ನಮ್ಮಂಥೋರು ಎನ್ನುವಾಗ ಅಧ್ಯಕ್ಷ ಅವನ ಭುಜ ತಟ್ಟಿದ. ಇದು ನಂದೇ ಕಣೋ ಎಂದು ಕಿರುಚಬೇಕೆನಿಸಿತು. ಹೇಳಿದರೆ ಚರಿತ್ರೆ ಸುಳ್ಳಾಗುತ್ತಿತ್ತು, ಹೇಳದಿದ್ದರೆ ತಾನು. ‘ಹೌದೌದು’ ಎಂದ.

ಕೊನೆಗೆ ನಾಚಿಕೆ ಬಿಟ್ಟು ಪ್ರತಿಮೆಗೆ ಒತ್ತಿಕೊಂಡೇ ನಿಂತ. ಪತ್ರಿಕೆಯ ಫೋಟೋಗ್ರಾಫರ್ ಹುಡುಗಿ ಕ್ಯಾಮೆರಾ ಎತ್ತಿದಳು, ಇಳಿಸಿದಳು, ಅವನ ಮುಖವನ್ನೇ ದಿಟ್ಟಿಸಿದಳು. ಅವನು ಮುಖವನ್ನು ಪ್ರತಿಮೆಯ ಮುಖಕ್ಕೆ ಇನ್ನಷ್ಟು ಹತ್ತಿರ ತಂದ.

‘ಸ್ವಲ್ಪ ಸರ್ಕೊಳ್ಳಿ ಅಂಕಲ್. ಮುಖಕ್ಕೆ ಅಡ್ಡ ಬರ್ತಿದೀರಿ.’

ಸರಿದ. ‘ಹಾಗೇ ಇದನ್ನ ಹಿಡ್ಕೊಂಡಿರಿ’ ಎಂದು ನೆಲದ ಮೇಲಿದ್ದ ಪರದೆಯನ್ನು ಅವನ ಕೈಗೆ ತುರುಕಿದಳು.

ಫೋಟೋ ಮುಗಿದು ಜನ ಕರಗಿದರು. ಬಿಸಿಲು ನೆತ್ತಿ ಸುಡುತ್ತಿತ್ತು. ಪರದೆ ಯಾರಿಗೆ ಕೊಡಬೇಕೆಂದು ತಿಳಿಯದೆ ಅವನು ಅದನ್ನು ತಲೆಯ ಮೇಲೆಳೆದುಕೊಂಡ. ಒಳಗೆ ಹೊಸ ಬಟ್ಟೆಯ ವಾಸನೆ. ಅಂಚಿಗೆ ಕಟ್ಟಿದ್ದ ಹಗ್ಗ ಹಾಗೇ ಇತ್ತು. ಅದರ ಇನ್ನೊಂದು ತುದಿ ರಸ್ತೆಯ ಮೇಲೆ ಬಿದ್ದಿತ್ತು. ಯಾರಾದರೂ ಎಳೆಯಲೆಂದು, ಮೊದಲ ಚುನಾವಣೆಯ ಫೋಟೋದಲ್ಲಿದ್ದ ಹಾಗೆ ಗದ್ದ ಎತ್ತಿ, ಅವನು ಒಳಗೇ ಕಾಯುತ್ತ ನಿಂತ.