ಮೂವತ್ತಾರು ಪಾಯಿಂಟ್ ನಾಲ್ಕು

ಪ್ರತಿ ವರ್ಷ ಅಕ್ಟೋಬರ್ ಹದಿನಾಲ್ಕರಂದು ಪತ್ರಿಕೆಯ ಐದನೆಯ ಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಚೌಕ ಬರುತ್ತಿತ್ತು. ಸೂರ್ಯೋದಯ 6.11, ಸೂರ್ಯಾಸ್ತ 5.52, ಹಗಲು ಹನ್ನೊಂದು ಗಂಟೆ ನಲವತ್ತೊಂದು ನಿಮಿಷ. ಕೆಳಗೆ: ಈ ದಿನದ ಸಾರ್ವಕಾಲಿಕ ಗರಿಷ್ಠ ತಾಪಮಾನ 36.4. ಸೂರ್ಯ ಪಾಪ, ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೋಗುತ್ತಿದ್ದ. ಸುಳ್ಳು ಇದ್ದದ್ದು ಕೊನೆಯ ಸಾಲಿನಲ್ಲಿ. ಆ ಸುಳ್ಳಿನ ಕರ್ತೃ ಪ್ರತಿ ವರ್ಷ ಆ ಚೌಕವನ್ನು ಕತ್ತರಿಸಿ ತೆಗೆದು ಚೂರು ಮಾಡುತ್ತಿದ್ದ.

"ಇಪ್ಪತ್ತೇಳು ವರ್ಷದಿಂದ ನೋಡ್ತಿದ್ದೀನಿ," ಎಂದಳು ಹೆಂಡತಿ. "ಅದರ ಬೆನ್ನಿಗೆ ನನ್ನ ಪದಬಂಧ ಇರುತ್ತೆ ಅನ್ನೋ ಜ್ಞಾನವಾದ್ರೂ ಇದೆಯಾ?"

"ಶ್ರೋತೃಗಳ ಗಮನಕ್ಕೆ," ಎಂದ ಅವನು, ರೇಡಿಯೋ ವಾರ್ತೆಯ ದನಿಯಲ್ಲಿ. "ಪದಬಂಧಕ್ಕೆ ಇಂದು ಬಂಧನದಿಂದ ಬಿಡುಗಡೆ."

"ನಿಮ್ಮ ದನಿಯಲ್ಲಿ ಹೇಳಿ. ಇಷ್ಟು ಚುಚ್ಚೋದಾದ್ರೆ ಹೋಗಿ ಹೇಳಿ ಬರಬಾರದಾ? ಗುಡುಗಣ್ಣನವರ ಗಂಟಲಿನ ಆಪರೇಷನ್ ಆಗಿ ಆರು ತಿಂಗಳಾಯ್ತು."

ಅವನು ಚಪ್ಪಲಿ ಮೆಟ್ಟಿಕೊಂಡ.

ಹವಾಮಾನ ಕಚೇರಿಯಲ್ಲಿ ಅವನಿಗೆ ಗಿಣಿ ಎಂದೇ ಹೆಸರು. ಮೇಲಧಿಕಾರಿಯ ಗೊಣಗು, ಲಿಫ್ಟಿನ ಗೊರಗೊರ, ಯಾವುದನ್ನು ಕೇಳಿದರೂ ಅಣಕಿಸದೆ ಬಿಡುತ್ತಿರಲಿಲ್ಲ. ಆದರೆ ಅವನ ಕೈಚಳಕ, ಅಲ್ಲ, ಬಾಯ್ಚಳಕ ಪೂರ್ತಿ ತೆರೆದುಕೊಳ್ಳುತ್ತಿದ್ದುದು ಗುಡುಗಣ್ಣನ ದನಿಯಲ್ಲಿ. ಗುಡುಗಣ್ಣ ಅಲ್ಲಿನ ಹಿರಿಯ ವೀಕ್ಷಕ. ಮಧ್ಯಾಹ್ನ ಮೂರಕ್ಕೆ ಹಿತ್ತಲಿನ ಬಿಳಿ ಪೆಟ್ಟಿಗೆಯಲ್ಲಿದ್ದ ಥರ್ಮಾಮೀಟರ್ ನೋಡಿ ಬಂದು ಕೇಂದ್ರ ಕಚೇರಿಗೆ ಫೋನ್ ಹಚ್ಚಿದರೆಂದರೆ ಗಾಜು ಅದುರುತ್ತಿತ್ತು: "ಬರ್ಕೊಳ್ಳಪ್ಪಾ, ಪೆನ್ನಿದೆಯಾ?" ಆಮೇಲೆ ಒಂದು ಕೆಮ್ಮು. ಆಮೇಲೆ ಅಂಕಿ.

ಇಪ್ಪತ್ತೇಳು ವರ್ಷದ ಹಿಂದೆ, ಆ ಅಕ್ಟೋಬರ್ ಹದಿನಾಲ್ಕರಂದು, ಗುಡುಗಣ್ಣನಿಗೆ ಆರು ವರ್ಷದ ಮಗಳಿಗೆ ಕನ್ನಡಕ ಹಾಕಿಸುವುದಿತ್ತು. "ಮೂರು ಗಂಟೆದು ನೀನು ನೋಡ್ಕೊಳ್ಳೋ ತಮ್ಮಾ. ಯಾರಿಗೂ ಹೇಳ್ಬೇಡ, ರಜೆ ಹಾಕಿಲ್ಲ," ಎಂದು ಹೊರಟರು. ಮೂರು ಗಂಟೆಗೆ ಗಿಣಿ ಗುಮಾಸ್ತನೊಂದಿಗೆ ಚದುರಂಗದಲ್ಲಿ ಗೆಲ್ಲುವ ಹಂತದಲ್ಲಿದ್ದ. ಹಿತ್ತಲಿಗೆ ನೂರು ಹೆಜ್ಜೆ. ಎದ್ದು ಹೋದರೆ ಆ ಕಳ್ಳ ಗುಮಾಸ್ತ ಕುದುರೆ ಸರಿಸುತ್ತಾನೆ. ಕುಳಿತಲ್ಲೇ ಫೋನ್ ಎತ್ತಿಕೊಂಡು, ಎದೆ ಉಬ್ಬಿಸಿ, ಗುಡುಗಿದ: "ಬರ್ಕೊಳ್ಳಪ್ಪಾ, ಪೆನ್ನಿದೆಯಾ? ಉಹ್ಹು... ಮೂವತ್ತಾರು ಪಾಯಿಂಟ್ ನಾಲ್ಕು!" ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ತಮಾಷೆ ಎಂದು ಹೇಳುವಷ್ಟರಲ್ಲಿ ಆ ಕಡೆಯವರು ಬರೆದುಕೊಂಡು ಫೋನ್ ಇಟ್ಟಿದ್ದರು.

ಮರುದಿನ ಪತ್ರಿಕೆಯಲ್ಲಿ ದಾಖಲೆ ಬಿಸಿಲಿನ ಸುದ್ದಿ. ಆ ಥರ್ಮಾಮೀಟರಿನದು ಒಂದು ಗುಣ. ಏರಿದಷ್ಟನ್ನು ಕೊಡವುವ ತನಕ ಬಿಡುವುದಿಲ್ಲ. ಬೆಳಿಗ್ಗೆ ಬಂದ ಗುಡುಗಣ್ಣ ಅದನ್ನು ನೋಡಿ, ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆದರು: 31.2. ಒಂದೇ ದಿನಕ್ಕೆ ಎರಡು ಅಂಕಿ. ವಾರದೊಳಗೆ ವಿಚಾರಣೆಗೆ ಅಧಿಕಾರಿ ಬಂದ. ಪತ್ರಿಕೆಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವ ಅಭ್ಯಾಸ ಕೇಂದ್ರ ಕಚೇರಿಗಿರಲಿಲ್ಲ. ಆದ್ದರಿಂದ ರಿಜಿಸ್ಟರೇ ತಪ್ಪಾಗಬೇಕಿತ್ತು.

"ಫೋನ್ ಮಾಡಿದ್ದು ಯಾರು?" ಎಂದ ಅಧಿಕಾರಿ.

ಗುಮಾಸ್ತ ನೆಲ ನೋಡಿದ. ಗಿಣಿ ಕಿಟಕಿ ನೋಡಿದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಗುಡುಗಣ್ಣ ಗಿಣಿಯನ್ನೇ ನೋಡಿದರು. ಒಂದು ಕೆಮ್ಮಿಗೆ ಬೇಕಾಗುವಷ್ಟು ಹೊತ್ತು. ಆಮೇಲೆ, "ನಾನೇ ಸಾರ್," ಎಂದರು. ಫೋನಿನಲ್ಲಿ ಒಂದು ಹೇಳಿ ರಿಜಿಸ್ಟರಿನಲ್ಲಿ ಇನ್ನೊಂದು ಬರೆದ ತಪ್ಪಿಗೆ ಅವರನ್ನು ಸಮುದ್ರದಾಚೆಯ ದ್ವೀಪದ ಕೇಂದ್ರಕ್ಕೆ ಹಾಕಿದರು. ಹನ್ನೊಂದು ವರ್ಷ.

ಇಂದು ಗುಡುಗಣ್ಣನ ಮನೆಯ ಬಾಗಿಲು ತೆರೆದದ್ದು ಆ ಮಗಳೇ. ದಪ್ಪ ಕನ್ನಡಕ. "ಗಿಣಿ ಚಿಕ್ಕಪ್ಪ! ಅಪ್ಪಾ, ಯಾರು ಬಂದಿದ್ದಾರೆ ನೋಡಿ!"

ಗುಡುಗಣ್ಣ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು, ಕುತ್ತಿಗೆಗೆ ಬಿಳಿ ಬಟ್ಟೆ, ಮಡಿಲಲ್ಲಿ ಸ್ಲೇಟು. ನಗುತ್ತಾ ಬರೆದರು: "ಗುಡುಗು ನಿಂತಿದೆ. ಇನ್ನು ಒಣ ಹವೆ." ಗಿಣಿ ಎದುರಿನ ಸ್ಟೂಲಿನಲ್ಲಿ ಕುಳಿತ.

"ಚಿಕ್ಕಪ್ಪಾ, ಒಂದು ಕೇಳ್ಲಾ?" ಮಗಳು ಚಹಾ ಲೋಟ ಇಡುತ್ತಾ ಕುಳಿತಳು. "ಅಪ್ಪ ದ್ವೀಪದಲ್ಲಿದ್ದಾಗ ನನಗೆ ಅಪ್ಪ ಅಂದ್ರೆ ಬರೀ ದನಿ. ಪ್ರತಿ ಭಾನುವಾರ ಫೋನು. ಬರ್ಕೊಳ್ಳಮ್ಮಾ ಅಂತ ಅಲ್ಲಿ ಹಗಲೆಷ್ಟು ಅಂತ ಹೇಳೋರು. ನಾನು ಇಲ್ಲಿಂದು ಹೇಳ್ತಿದ್ದೆ. ಯಾರ ಹಗಲು ಉದ್ದ ಅಂತ ಪಂದ್ಯ. ಆ ದನೀನ ಎಲ್ಲೂ ಹಿಡಿದಿಟ್ಟುಕೊಳ್ಳಲಿಲ್ಲ ನಾವು. ನೀವು ಅಪ್ಪನ ಹಾಗೇ ಮಾಡ್ತಿದ್ರಲ್ಲ, ಒಂದ್ಸಲ..."

"ಮೊದಲು ಒಂದು ಮಾತು ಹೇಳ್ಬೇಕಮ್ಮ."

ಗುಡುಗಣ್ಣ ಸ್ಲೇಟಿನಲ್ಲಿ ಗೀಚಿ ಎತ್ತಿ ಹಿಡಿದರು: "ಬೇಡ."

ಗಿಣಿ ಹೇಳಿದ. ಚದುರಂಗ, ನೂರು ಹೆಜ್ಜೆ, ಕಿಟಕಿ, ಎಲ್ಲವನ್ನೂ. ಯಾರ ದನಿಯ ಆಸರೆಯೂ ಇಲ್ಲದೆ ಹೇಳಿದ್ದರಿಂದಲೋ ಏನೋ, ತನ್ನ ಮಾತು ತನಗೇ ತೊದಲಿನಂತೆ ಕೇಳಿತು. "ಅಣ್ಣಾ, ಎಷ್ಟೋ ಸಲ ಬರಬೇಕು ಅಂದ್ಕೊಂಡೆ."

ಮಗಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು. "ನನ್ನ ಕನ್ನಡಕದ ದಿನ," ಎಂದಳಷ್ಟೆ. ದನಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಗುಡುಗಣ್ಣ ಬೇಡ ಎಂಬುದನ್ನು ಅಂಗೈಯಲ್ಲಿ ಒರೆಸಿದರು. ಬರೆದರು: "ಆವತ್ತು ವಿಚಾರಣೆ ಮುಗಿದ ಸಂಜೆ ಒಬ್ಬನೇ ಬಂದು ಹೇಳಿದ್ದರೂ ಸಾಕಿತ್ತು, ತಮ್ಮಾ." ಅದನ್ನೂ ಒರೆಸಿದರು. ಆಮೇಲೆ ಮಗಳ ಕಡೆಗೊಮ್ಮೆ ನೋಡಿ, ದೊಡ್ಡದಾಗಿ: "ಮಾಡು. ಇವಳಿಗೆ."

ಗಿಣಿ ಎದೆ ಉಬ್ಬಿಸಿದ. ಇಪ್ಪತ್ತೇಳು ವರ್ಷ ಮುಟ್ಟದ ದನಿ. ಇರುತ್ತದೋ ಇಲ್ಲವೋ ಎಂದುಕೊಂಡ. ಇತ್ತು.

"ಬರ್ಕೊಳ್ಳಮ್ಮಾ, ಪೆನ್ನಿದೆಯಾ? ಉಹ್ಹು... ಹಗಲು ಹನ್ನೊಂದು ಗಂಟೆ ನಲವತ್ತೊಂದು ನಿಮಿಷ. ಗರಿಷ್ಠ, ಮೂವತ್ತೊಂದು ಪಾಯಿಂಟ್ ಎರಡು."

ಚಹಾ ಲೋಟದ ಮೇಲಿನ ತಟ್ಟೆ ಅದುರಿತು. ಗುಡುಗಣ್ಣ ಕಣ್ಣು ಮುಚ್ಚಿ ಅದರ ಜೊತೆಗೇ ತುಟಿ ಆಡಿಸುತ್ತಿದ್ದರು. ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಗೇಟಿನ ತನಕ ಅವಳೇ ಬಂದಳು. ಬೀದಿಯ ಮರಗಳ ನೆರಳು ಉದ್ದವಾಗಿತ್ತು; ಪತ್ರಿಕೆಯವರು ಹೇಳಿದ ಹೊತ್ತಿಗೆ ಸರಿಯಾಗಿ ಬಿಸಿಲು ಹೋಗುತ್ತಿತ್ತು.

"ನಾಳೆ ಕೇಂದ್ರ ಕಚೇರಿಗೆ ಬರೆದು ಹಾಕ್ತೀನಮ್ಮ. ಆ ಅಂಕಿ ತೆಗೀಲಿ."

"ತೆಗೆದ್ರೆ ತೆಗೀಲಿ." ಅವಳು ಚಿಲಕ ಹಾಕಿದಳು. "ಚಿಕ್ಕಪ್ಪಾ, ಇನ್ನು ಮನೆಗೆ ಬರಬೇಡಿ. ನನ್ನ ಕೈಲಿ ಆಗಲ್ಲ." ತಿರುಗಿ ಎರಡು ಹೆಜ್ಜೆ ಹೋದವಳು ನಿಂತಳು. "ಭಾನುವಾರ ಫೋನ್ ಮಾಡಿ."

ಯಾರ ದನಿಯಲ್ಲಿ ಎಂದು ಅವಳು ಹೇಳಲಿಲ್ಲ. ಅವನು ಕೇಳಲಿಲ್ಲ.