ಬಿಳಿಮೀನಿಗೆ ಹೊಡೆದ ಕಲ್ಲು

ಕನಕಪುರದ ಕಡೆಯಿಂದ ಹೋದರೆ, ಸಂಗಮದ ಕೆಳಗೆ ಕಾವೇರಿ ಕಾಡಿನೊಳಗೆ ತಿರುಗುವಲ್ಲಿ ಒಂದು ಆಳವಾದ ಮಡುವಿದೆ. ಅದರ ದಡದಲ್ಲಿದ್ದ ಗಾಳದ ಕ್ಯಾಂಪಿನಲ್ಲಿ ಸಿದ್ದಮ್ಮ ಬಹಳ ವರ್ಷ ಅಡುಗೆ ಮಾಡಿದ್ದಳು. ಎಲ್ಲೆಲ್ಲಿಂದಲೋ ಬರುತ್ತಿದ್ದ ಪ್ರವಾಸಿಗರು ಆಳುದ್ದ ಬೆಳೆಯುವ ಬಿಳಿಮೀನಿಗೆ ಗಾಳ ಹಾಕುತ್ತಿದ್ದರು. ಸಿಕ್ಕ ಮೀನನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುತ್ತಿದ್ದರು. ಕೊಲ್ಲುವಂತಿರಲಿಲ್ಲ. ಅವರು ಕೊಟ್ಟ ದುಡ್ಡಿನಿಂದಲೇ ಹೊಳೆ ಕಾಯುವವರಿಗೆ ಸಂಬಳ. ಸಿದ್ದಮ್ಮನ ಗಂಡ ಬೋರಲಿಂಗಯ್ಯ ಆ ಕಾವಲುಗಾರರಲ್ಲೊಬ್ಬ.

ಹರೆಯದಲ್ಲಿ ಬೋರಲಿಂಗಯ್ಯ ತನ್ನ ದಾಯಾದಿ ಮುನಿಶಾಮಯ್ಯನ ಜೊತೆ ಸೇರಿ ಇದೇ ಮಡುವಿಗೆ ಸಿಡಿಮದ್ದು ಎಸೆದು ಮೀನು ಹಿಡಿದವನು. ಎಡಗೈಯ ಎರಡು ಬೆರಳು ಅದರಲ್ಲೇ ಹೋಗಿದ್ದವು. ಅಂಥವನ ಕೈಗೆ ಕ್ಯಾಂಪಿನವರು ಲಾಠಿ ಕೊಟ್ಟಾಗ ಊರವರು ನಕ್ಕಿದ್ದರು. ಆದರೆ ಅವನು ಕಾವಲಿಗೆ ನಿಂತ ಮೇಲೆ ಮಡುವಿನಲ್ಲಿ ಮದ್ದಿನ ಸದ್ದು ನಿಂತಿತು. ಮೀನು ಬೆಳೆದವು, ಮರಿ ಮಾಡಿದವು.

ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆಯನ್ನು ಬೇಯಿಸಿಕೊಡುತ್ತಿದ್ದವಳು ಸಿದ್ದಮ್ಮ. ಮಿಕ್ಕಿದ್ದನ್ನು ಸಂಜೆ ಚಪ್ಪಟೆ ಬಂಡೆಯ ಮೇಲೆ ನಿಂತು ನೀರಿಗೆ ಹಾಕುವಳು. ಬರಬರುತ್ತ ಅವಳ ನೆರಳು ಬಿದ್ದರೆ ಸಾಕು, ಮೀನು ಮೇಲೆ ಬರತೊಡಗಿದವು. ಎಲ್ಲಕ್ಕಿಂತ ದೊಡ್ಡದು, ಬೆನ್ನು ಗುಡ್ಡದ ಹಾಗೆ ಉಬ್ಬಿದ ಒಂದು ಹೆಣ್ಣುಮೀನು. ಅದಕ್ಕೆ ಗೂನಮ್ಮ ಎಂದು ಹೆಸರಿಟ್ಟಿದ್ದಳು.

“ಬಾರೇ ಗೂನಮ್ಮ, ಯಾಕೆ ಇವತ್ತು ಲೇಟು?” ಎಂದು ಮಾತಾಡಿಸುವಳು. ಗಂಡ ನಗುವನು.

ಒಂದು ವರ್ಷ, ಅಭಯಾರಣ್ಯದೊಳಗೆ ಗಾಳ ಹಾಕುವುದು ಕಾನೂನಿಗೆ ವಿರುದ್ಧ ಎಂದು ಆದೇಶ ಬಂತು. ಕ್ಯಾಂಪು ಮುಚ್ಚಿತು. ಪ್ರವಾಸಿಗರು ಬರುವುದು ನಿಂತಿತು, ಸಂಬಳವೂ ನಿಂತಿತು. ಹರಿಗೋಲು ನಡೆಸುತ್ತಿದ್ದ ಗೌಸ್ ಗಂಟುಮೂಟೆ ಕಟ್ಟಿಕೊಂಡು ಹೇಳಿಹೋಗಲು ಬಂದ.

“ರಾಮನಗರದಾಗೆ ನಮ್ ಮಾವ ರೇಷ್ಮೆ ನೂಲು ತೆಗೀತಾರೆ. ನೀನೂ ಬಾ ಬೋರಣ್ಣ, ಕೆಲ್ಸ ಕೊಡುಸ್ತೀನಿ.”

“ನಾನ್ ಬಂದ್ಬುಟ್ರೆ ಇಲ್ಲಿಗೆ ಮುನಿಶಾಮಿ ಬತ್ತಾನೆ ಕಣ್ಲಾ” ಎಂದ ಬೋರಲಿಂಗಯ್ಯ.

ಆ ಮಳೆಗಾಲವೆಲ್ಲ ಅವನು ಸಂಬಳವಿಲ್ಲದೆ ದಡ ಸುತ್ತಿದ. ಸಿದ್ದಮ್ಮ ಊರಲ್ಲಿ ಕೂಲಿಗೆ ಹೋಗಿ ಬಂದು, ಮನೆಯ ಹಿಟ್ಟಿನಲ್ಲೇ ಒಸಿ ಎತ್ತಿಟ್ಟು ಮೀನಿಗೆ ಹಾಕಿದಳು.

ನೀರು ಇಳಿದು ತಿಳಿಯಾದ ಮೇಲೆ ಒಂದು ಬೆಳಿಗ್ಗೆ ಮಡು ಸಿಡಿಯಿತು. ಬೋರಲಿಂಗಯ್ಯ ಲಾಠಿ ಹಿಡಿದು ಓಡಿದ. ಮುನಿಶಾಮಯ್ಯ ನಾಲ್ಕು ಜನ ಹುಡುಗರನ್ನು ನೀರಿಗಿಳಿಸಿ ಮೀನು ಬಾಚಿಸುತ್ತಿದ್ದ.

“ಯಾರ್ಲಾ ನಿಂಗೆ ಈಗ ಸಂಬ್ಳ ಕೊಡ್ತಿರೋರು?”

“ಸಂಬ್ಳ ನಿಂತೋದ್ರೆ ಹೊಳೆ ನಿಂದಾಗೋಯ್ತದೇನ್ಲಾ?”

ಅದೇ ಲಾಠಿ ಕಿತ್ತುಕೊಂಡು ಅವನಿಗೇ ಹೊಡೆದರು. ತೊಡೆಯ ಮೂಳೆ ಮುರಿಯಿತು. ಕನಕಪುರದ ಆಸ್ಪತ್ರೆಯಲ್ಲಿ ಮಲಗಿದ್ದು ಊರುಗೋಲು ಹಿಡಿದು ವಾಪಸು ಬಂದ. ದೂರು ಕೊಡೋಣವೆಂದರೆ, ಕ್ಯಾಂಪು ಮುಚ್ಚಿದ ಮೇಲೆ ಅವನು ಕಾವಲುಗಾರನೂ ಆಗಿರಲಿಲ್ಲ; ಕಾಡಿನೊಳಗೆ ನಿನಗೇನು ಕೆಲಸವೆಂದು ಅವನನ್ನೇ ಹಿಡಿದಾರೆಂಬ ಭಯ.

ಅವನನ್ನು ಆಸ್ಪತ್ರೆಗೆ ಸೇರಿಸಿದ ಎರಡು ದಿನಕ್ಕೆ ಸಿದ್ದಮ್ಮ ಬಂಡೆಯ ಹತ್ತಿರ ಹೋಗಿ ನೋಡಿದ್ದಳು. ಕಲ್ಲಿನ ಸಂದುಗಳಲ್ಲಿ ಸಣ್ಣ ಮೀನು ಕೊಳೆತು ನಾರುತ್ತಿದ್ದವು. ಮದ್ದು ಬಿದ್ದಿದ್ದು ಅಲ್ಲೇ, ಅವಳು ನಿಲ್ಲುವ ಜಾಗದಲ್ಲೇ. ದಾರಿಯಲ್ಲಿ ಸಿಕ್ಕ ಮುನಿಶಾಮಯ್ಯ ನಾಚಿಕೆಯಿಲ್ಲದೆ ನಕ್ಕ.

“ಅತ್ಗೆ, ನೀನ್ ಸಾಕಿರೋ ಮೀನು ಕಣವ್ವ. ಬಂಡೆ ಮ್ಯಾಲೆ ನಿಂತ್ರೆ ಅವೇ ಬತ್ತವೆ, ನಮ್ಗೆ ಹುಡುಕೋ ತಾಪತ್ರಯಾನೇ ಇಲ್ಲ.”

ಸಿದ್ದಮ್ಮ ಅಂದಿನಿಂದ ಹಿಟ್ಟು ಹಾಕುವುದನ್ನು ನಿಲ್ಲಿಸಿದಳು. ಉಳಿದಿದ್ದ ದೊಡ್ಡ ಮೀನು ಮಾತ್ರ ಸಂಜೆಯಾದರೆ ಬಂದು ಬಂಡೆಯ ಬುಡದಲ್ಲಿ ಕಾಯುತ್ತಲೇ ಇದ್ದವು. ಗೂನಮ್ಮನೂ ಇತ್ತು.

ಒಂದು ಸಂಜೆ ಸಿದ್ದಮ್ಮ ಮಡಿಲಲ್ಲಿ ಕಲ್ಲು ತುಂಬಿಕೊಂಡು ಬಂಡೆ ಹತ್ತಿದಳು. ಮೊದಲ ಕಲ್ಲು ಎಸೆದಳು. ಮೀನು ಚದುರಲಿಲ್ಲ. ಕಲ್ಲು ಬಿದ್ದ ಸದ್ದಿಗೆ, ಉಂಡೆ ಬಿತ್ತೆಂದುಕೊಂಡು ಬಾಯಿ ತೆರೆದು ಅತ್ತಲೇ ನುಗ್ಗಿದವು. ಮತ್ತೊಂದು ಎಸೆದಳು. ಅದರ ಹಿಂದೆಯೂ ಹೋದವು. ಗೂನಮ್ಮ ಕಲ್ಲನ್ನು ಬಾಯಿಗೆ ತೆಗೆದುಕೊಂಡು ಉಗಿಯಿತು. ತಿರುಗಿ ಅವಳ ಕಾಲ ಬಳಿಗೇ ಬಂದು ನಿಂತಿತು.

“ಹೋಗೇ! ನಿನ್ನ ದಮ್ಮಯ್ಯ, ಹೋಗೇ!”

ದಡದಲ್ಲಿ ಬಿದ್ದಿದ್ದ ಬಿದಿರ ಗಳ ತಂದು ಅದರ ಮೂತಿಗೆ ಬಾರಿಸಿದಳು. ಬೆನ್ನಿಗೆ ಬಾರಿಸಿದಳು. ನೀರು ಎದ್ದು ಅವಳ ಮುಖಕ್ಕೆ ಬಡಿಯಿತು. ಊರುಗೋಲಿನ ಮೇಲೆ ಕುಂಟುತ್ತ ಬಂದ ಬೋರಲಿಂಗಯ್ಯ, “ಸಾಕು ಕಣಮ್ಮಿ, ಸಾಕು ಬುಡು” ಎಂದು ಅಳತೊಡಗಿದ. ಅವಳು ಬಿಡಲಿಲ್ಲ. ಮರುದಿನವೂ ಹೋದಳು, ಅದರ ಮಾರನೆಯ ದಿನವೂ. ಗಳ ಎತ್ತಿದರೆ ನೀರು ಕಲಕಿ ಮೀನೆಲ್ಲ ದೂರ ಸರಿಯುವವರೆಗೆ ಹೊಡೆಯುವಳು. ಕೊನೆಗೊಂದು ಸಂಜೆ ಬಂಡೆಯ ಬುಡದಲ್ಲಿ ಏನೂ ಇರಲಿಲ್ಲ. ಅವಳು ಅಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮುಂದಿನ ಸಲ ಮುನಿಶಾಮಯ್ಯನಿಗೆ ಬಂಡೆಯ ಹತ್ತಿರ ಸಿಕ್ಕಿದ್ದು ಬರೀ ಕೆಸರು. ಅವನು ಇನ್ನೂ ಕೆಳಗಿನ ಮಡುಗಳಿಗೆ ಹೋದ. ಬೇಸಿಗೆಯೆಲ್ಲ ಆ ಕಡೆಯಿಂದ ಸದ್ದು ಕೇಳಿಬರುತ್ತಿತ್ತು. ಪ್ರತಿ ಸದ್ದಿಗೂ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂರುತ್ತಿದ್ದರು. ಯಾವ ಸದ್ದಿಗೆ ಯಾವ ಮೀನು ಸತ್ತಿತೋ ತಿಳಿಯಲಿಲ್ಲ.

ಕಾಲು ಸರಿಹೋಗದ ಗಂಡನನ್ನು ಕರೆದುಕೊಂಡು ಸಿದ್ದಮ್ಮ ನೆಲಮಂಗಲದ ಹತ್ತಿರ ಸೋಲೂರಿನಲ್ಲಿದ್ದ ತಂಗಿಯ ಮನೆ ಸೇರಿದಳು. ಹಸು ನೋಡಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ದಿನ ಕಳೆಯಿತು. ಕೆಲವು ವರ್ಷಗಳ ಮೇಲೆ ಗೌಸ್ ಅವರನ್ನು ಹುಡುಕಿಕೊಂಡು ಬಂದ.

“ಹೊಳೇಗೆ ಮತ್ತೆ ಜನ ಬತ್ತಾವ್ರೆ ಬೋರಣ್ಣ, ಸುಮ್ನೆ ನೋಡಕ್ಕೆ. ನಾನೂ ವಾಪಸ್ ಬಂದು ಹರಿಗೋಲು ನಡುಸ್ತಿವ್ನಿ. ದೊಡ್ಡ ಮೀನು ಎಲ್ಲಪ್ಪ ಅಂತ ಕೇಳ್ತಾರೆ. ಏನ್ ತೋರ್ಸಾನ? ಸಿದ್ದಮ್ಮಕ್ಕ, ನೀನೊಂದ್ಸಲ ಬಂದು ಬಂಡೆ ಮ್ಯಾಲೆ ನಿಂತ್ಕೊ. ಇದ್ರೆ ನಿಂಗಾದ್ರೂ ಬತ್ತವೆ.”

“ಎಲ್ಲೋ ಆಳದಾಗೆ ಬದುಕವೆ ಬುಡು” ಎಂದ ಬೋರಲಿಂಗಯ್ಯ ಹೆಂಡತಿಯ ಕಡೆ ನೋಡುತ್ತ.

ಸಿದ್ದಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದವಳು ನಿಂತಳು.

“ನಾನ್ ಬರಾಕಿಲ್ಲ ಗೌಸು. ಬದುಕಿದ್ರೆ ಅವು ನನ್ನ ಕಂಡೇ ಮೊದ್ಲು ಓಡೋದು. ಅದನ್ನ ನೋಡಕ್ಕೆ ನನ್ ಕೈಲಾಗಲ್ಲ ಕಣಪ್ಪ.”

ಗೌಸ್ ಟೀ ಕುಡಿದು, ನೆಲಮಂಗಲದ ಬಸ್ಸು ಹತ್ತಿ ಹೋದ.