ಬಂಡೆಯ ಮುಂದಿನ ಬಾದಾಮಿ ಮರ

ಮೂವತ್ತೆಂಟು ವರ್ಷದಿಂದ ನಾನು ನಮ್ಮ ಕಣಿವೆಯ ಚಿತ್ರ ಬರೆಯುತ್ತಿದ್ದೇನೆ. ಜ್ವರ ಬಂದು ಮಲಗಿದ ದಿನ ಬಿಟ್ಟರೆ, ಬಿಸಿಲು ಗುಡ್ಡದಿಂದ ಇಳಿಯುವ ಹೊತ್ತಿಗೆ ಕತ್ತೆಯ ಮೇಲೆ ಬಣ್ಣದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ಬಾರ್ಲಿ ರೊಟ್ಟಿ, ಪುದೀನ ಚಹಾ ಹೇರಿಕೊಂಡು ಹೊರಟುಬಿಡುತ್ತೇನೆ. ಊರಲ್ಲಿ ನನಗಿಂತ ನನ್ನ ಕತ್ತೆಗೆ ಮರ್ಯಾದೆ ಜಾಸ್ತಿ. ಅದು ಏನಾದರೂ ಹೊರುತ್ತದಲ್ಲ!

ಇಷ್ಟಾದರೂ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಚಹಾದಂಗಡಿಯಲ್ಲಿ ಕೂತು, "ನಾನು ಕಣ್ಣಿಗೆ ಕಂಡದ್ದನ್ನು ಬರೀತೀನಿ, ಕೂದಲೆಳೆಯಷ್ಟೂ ಸುಳ್ಳಿರಲ್ಲ" ಎಂದು ಎಷ್ಟು ಸಲ ಹೇಳಿದ್ದೆನೋ ಲೆಕ್ಕವಿಲ್ಲ. ಕೇಳುವವರು ಯಾರೂ ಇರುತ್ತಿರಲಿಲ್ಲ, ಹಾಗಾಗಿ ಯಾರೂ ಎದುರಾಡಲೂ ಇಲ್ಲ.

ಕಳೆದ ವರ್ಷ ಬೇಸಿಗೆ ಮುಗಿಯುವಾಗ ಒಂದೇ ಮಧ್ಯಾಹ್ನ ಸುರಿದ ಮಳೆಗೆ ಹಳ್ಳ ಹುಚ್ಚೆದ್ದು ಬಂತು. ಕೆಳಗಿನ ಹೊಲಗಳ ಕಲ್ಲುಕಟ್ಟೆಗಳನ್ನೆಲ್ಲ ಕಿತ್ತುಕೊಂಡು ಹೋಯಿತು. ಜೊತೆಗೆ ರಕಿಯಾಳ ಹೊಲಕ್ಕೂ ಬಿಹಿಯ ಹೊಲಕ್ಕೂ ಗಡಿಯಾಗಿದ್ದ ಹಳೆಯ ಬಾದಾಮಿ ಮರವೂ ಹೋಯಿತು. ಉಳಿದದ್ದು ಮೊಣಕಾಲೆತ್ತರದ ಮಣ್ಣುಕಲ್ಲು, ಮತ್ತು ಮಂಡಿಯೂರಿ ಕೂತ ಒಂಟೆಯಂಥ ಒಂದು ಗುಲಾಬಿ ಬಣ್ಣದ ಬಂಡೆ.

ರಕಿಯಾ ಗಂಡನಿಲ್ಲದವಳು, ಆರು ಮೇಕೆ ಸಾಕಿಕೊಂಡವಳು. ಊರಿನ ದಾರಿಯಿಂದ ನೋಡಿದರೆ ಅವಳ ಹೊಲ ಮುಂದೆ, ಬಿಹಿಯ ಹೊಲ ಹಿಂದೆ. ಅವಳು, "ಮರ ಬಂಡೆಯ ಹಿಂದಿತ್ತು, ಬಂಡೆ ನಂದು" ಎಂದಳು. ಬಿಹಿ ಅವಳ ಗಂಡನ ದಾಯಾದಿ. ಅವನು, "ಮರ ಬಂಡೆಯ ಮುಂದಿತ್ತು, ಬಂಡೆ ನಂದು" ಎಂದ. ಬಂಡೆ ಯಾರಿಗೂ ಬೇಕಿರಲಿಲ್ಲ. ಅದರ ಸುತ್ತಲಿನ ಹತ್ತು ಹೆಜ್ಜೆ ನೆಲದಲ್ಲಿ ಕಾಲುವೆ ನೀರು ಹಾಯುತ್ತಿತ್ತು, ಜಗಳ ಅದಕ್ಕೆ. ದಿನಾ ಆ ದಾರಿಯಲ್ಲೇ ಓಡಾಡಿದ ಊರವರು ನೆಂಟಸ್ತಿಕೆ ನೋಡಿಕೊಂಡು ಸಾಕ್ಷಿ ಹೇಳಿದರು. ಅರ್ಧ ಊರಿಗೆ ಮರ ಹಿಂದೆ, ಅರ್ಧ ಊರಿಗೆ ಮುಂದೆ.

ಮಸೀದಿ ಗೋಡೆಯ ನೆರಳಲ್ಲಿ ಹಿರಿಯರು ಕೂತು ತಲೆ ಕೆರೆದುಕೊಳ್ಳುತ್ತಿದ್ದಾಗ ಬಿಹಿಗೆ ನನ್ನ ನೆನಪಾಯಿತು. "ನಮ್ಮ ಬೂಜಮಾ ಅಣ್ಣ ಆ ದಾರಿಯಲ್ಲೇ ಕೂತು ವರ್ಷಗಟ್ಟಲೆ ಬರೆದಿದ್ದಾನಲ್ಲ! ತಫ್ರಾವುತ್ ಪೇಟೆಯ ಹೋಟೆಲಿನ ಗೋಡೆ ಮೇಲೆ ಒಂದು ನೇತಾಡ್ತಿದೆ. ಕಣ್ಣಿಗೆ ಕಂಡದ್ದನ್ನೇ ಬರೆಯೋನು ಅಂತ ಅವನೇ ಹೇಳ್ತಾನೆ."

ನನ್ನ ಮಾತನ್ನು ಒಬ್ಬನಾದರೂ ಕೇಳಿಸಿಕೊಂಡಿದ್ದ! ಎದೆ ಹೇಗೆ ಉಬ್ಬಿತೆಂದರೆ, ಜಗಳ ಏನೆಂಬುದೇ ಮರೆತುಹೋಯಿತು.

ಮರುದಿನ ಚಿತ್ರ ಕಂಬಳಿ ಹೊದ್ದುಕೊಂಡು ಹೇಸರಗತ್ತೆಯ ಮೇಲೆ ಮದುಮಗಳ ಹಾಗೆ ಬಂದಿಳಿಯಿತು. ಊರೇ ನೆರೆದಿತ್ತು. ನನ್ನ ಚಿತ್ರದ ಮುಂದೆ ಅಷ್ಟು ಜನ ಹಿಂದೆಂದೂ ನಿಂತಿರಲಿಲ್ಲ. ಹಿರಿಯರಲ್ಲಿ ಹಿರಿಯರಾದ ಹಾಜಿ ಮೂಲೂದ್ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಗುಲಾಬಿ ಬಂಡೆಯ ಮುಂದೆ ಮೈತುಂಬ ಹೂ ಬಿಟ್ಟುಕೊಂಡು ನಿಂತಿತ್ತು ಬಾದಾಮಿ.

"ಮುಂದಿದೆ," ಎಂದರು ಹಾಜಿ. "ಬೂಜಮಾ, ಇದು ಸರಿ ತಾನೆ?"

ಆಗ ನನಗೆ ನೆನಪಾಯಿತು. ಈ ಚಿತ್ರ ಬರೆಯುವಾಗ ಮರ ಇದ್ದಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಅದನ್ನು ಸ್ವಲ್ಪ ಎಳೆದು ಚಂದ ಕಾಣುವ ಕಡೆ ನೆಟ್ಟಿದ್ದೆ. ಗುಲಾಬಿಯ ಮುಂದೆ ಬಿಳಿ ಹೂ, ಯಾರಿಗೆ ಆಸೆಯಾಗಲ್ಲ? ಆದರೆ ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ತಲೆ ತಾನಾಗಿ ಹೌದೆಂದು ಅಲ್ಲಾಡಿತು. ರಕಿಯಾ ಕೊಡ ಎತ್ತಿಕೊಂಡು ಬಾವಿಯ ಕಡೆ ಎದ್ದುಹೋದಳು.

ಮನೆಯಲ್ಲಿ ಹೆಂಡತಿ ಈಜಾ ಎಣ್ಣೆಗೆಂದು ಅರ್ಗಾನ್ ಕಾಯಿ ಕುಟ್ಟುತ್ತಾ ಕೂತಿದ್ದಳು. ನಾನು ಅಂಗಳದಲ್ಲಿ ನಾಲ್ಕು ಸಲ ಸುತ್ತು ಹಾಕಿದ್ದನ್ನು ನೋಡಿ ಕೈ ನಿಲ್ಲಿಸಿದಳು.

"ಮರ ಸರಿಸಿದ್ದೀರಾ?"

"ನಿಂಗೆ ಹೇಗೆ ಗೊತ್ತು?"

"ನಮ್ಮನೇ ಚಿತ್ರ ಬರೆದಾಗ ಕೋಳಿಗೂಡು ಎತ್ತಿಹಾಕಿದ್ರಿ. ನನ್ನ ಚಿತ್ರದಲ್ಲಿ ನನ್ನ ಮೂಗನ್ನೇ ಎತ್ತಿಹಾಕಿದ್ರಿ. ಒಂದು ಮರ ಏನು ಮಹಾ? ಎದ್ದು ಹೋಗಿ ಹೇಳಿ. ಆ ಹೆಂಗಸಿನ ಮೇಕೆಗಳು ನಿಮ್ಮ ಬಣ್ಣ ಮೇಯೋಕಾಗುತ್ತಾ?"

ಹಿರಿಯರು ಇನ್ನೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಹೋಗಿ ನಿಂತು, ಒಂದೇ ಉಸಿರಿಗೆ, "ಹಾಜಿ, ಆ ಮರ ನಾನು ಸರಿಸಿದ್ದು" ಎಂದೆ.

"ಸರಿಸಿದೆಯಾ? ಯಾಕೆ?"

"ಚಂದ ಕಾಣ್ಲಿ ಅಂತ."

ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಬಿಹಿ ಮಾತ್ರ ಎಗರಿ ಬಿದ್ದ. "ಮೂವತ್ತೆಂಟು ವರ್ಷ ಊರಿಗೆಲ್ಲ ಟೋಪಿ ಹಾಕಿದ್ಯಲ್ಲೋ!"

"ಇರು ಬಿಹಿ," ಎಂದರು ಹಾಜಿ. "ಸರಿ ಬೂಜಮಾ, ಮೊದಲು ಎಲ್ಲಿತ್ತು?"

ನಾನು ಕಣ್ಣು ಮುಚ್ಚಿದೆ. ಬಂಡೆ ಕಂಡಿತು. ಅದರ ಮುಂದೆ ಮರ ಕಂಡಿತು. ಮತ್ತೆ ಮುಚ್ಚಿದೆ, ಮತ್ತೆ ಅಲ್ಲೇ. ಹಿಂದಿನಿಂದ ಎಳೆದಿದ್ದೆನೋ, ಪಕ್ಕದಿಂದ ಎಳೆದಿದ್ದೆನೋ, ಹೊಳೆಯಲೇ ಇಲ್ಲ. ಆ ಜಾಗವನ್ನು ಅರವತ್ತು ಸಲವಾದರೂ ಬರೆದಿದ್ದೆ, ಅಷ್ಟೂ ಸಲ ಮರವನ್ನು ಮುಂದೆಯೇ ಇಟ್ಟು. ನಾನೇ ನೆಟ್ಟ ಮರ ತಲೆಯೊಳಗೆ ಬೇರುಬಿಟ್ಟು, ಅಲ್ಲಾಹು ನೆಟ್ಟ ಮರವನ್ನು ಹೊರಗೆ ತಳ್ಳಿಬಿಟ್ಟಿತ್ತು. ಆ ಕಣಿವೆಯಲ್ಲಿ ನನ್ನಷ್ಟು ಹೊತ್ತು ಆ ಮರವನ್ನು ನೋಡಿದವರಿಲ್ಲ, ಆದರೂ ಅದು ಎಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

"ಜ್ಞಾಪಕ ಇಲ್ಲ ಹಾಜಿ," ಎಂದೆ, ಇಂಗು ತಿಂದ ಮಂಗನ ಹಾಗೆ.

ಆಗ ಬಾವಿಯ ಕಡೆಯಿಂದ ಕೊಡ ಹೊತ್ತು ಬರುತ್ತಿದ್ದ ರಕಿಯಾ ಅಲ್ಲೇ ನಿಂತು ಕೂಗಿದಳು: "ಹಳ್ಳ ಮರ ಕೊಂಡುಹೋಯ್ತು, ಬೇರೂ ಕೊಂಡುಹೋಯ್ತಾ? ಅಗೀರಿ ಅಂತ ಮೊದಲನೇ ದಿನದಿಂದ ಹೇಳ್ತಿದ್ದೀನಿ. ನಿಮಗೆ ಸಾಕ್ಷಿ ಬೇಕು, ಚಿತ್ರ ಬೇಕು. ಗುದ್ದಲಿ ಮಾತ್ರ ಬೇಡ!"

ಹಿರಿಯರು ಗುದ್ದಲಿ ತರಿಸಿದರು. ಮೊದಲ ಗುದ್ದಲಿ ನನ್ನ ಕೈಗೇ ಬಂತು. ಎರಡು ದಿನ ಅಗೆದೆವು. ಬಂಡೆಯ ಮುಂದೆ ಅಗೆದ ಗುಂಡಿಯಲ್ಲಿ ಕಲ್ಲು ಬಿಟ್ಟರೆ ಏನೂ ಸಿಗಲಿಲ್ಲ. ಎರಡನೇ ದಿನ ಮಧ್ಯಾಹ್ನ ಬಂಡೆಯ ಹಿಂದೆ, ಅದರ ಬೆನ್ನಿಗೇ ಅಂಟಿಕೊಂಡು, ತೊಡೆಗಾತ್ರದ ಬೇರಿನ ಬುಡ ಸಿಕ್ಕಿತು. ಬಿಹಿಯೇ ಮೊದಲು ಇಳಿದು ಮುಟ್ಟಿ ನೋಡಿದ. ಕೈ ಒರೆಸಿಕೊಂಡು ಮೇಲೆ ಬಂದ. ನೆಲ ರಕಿಯಾಳದಾಯಿತು. ಬಿಹಿ ಎರಡು ತಿಂಗಳು ನನ್ನ ಕತ್ತೆಗೆ ಮಾತ್ರ ಸಲಾಂ ಹೇಳಿದ.

ಚಳಿಗಾಲದಲ್ಲಿ ರಕಿಯಾ ಅದೇ ಗುಂಡಿಯಲ್ಲಿ ಹೊಸ ಸಸಿ ನೆಟ್ಟು, ನನ್ನನ್ನು ಕರೆಸಿದಳು. "ಬರೀ. ನಾನು ನಿನ್ನ ಹಿಂದೆ ನಿಂತಿರ್ತೀನಿ." ನಿಂತೇ ಇದ್ದಳು. ಮೂರು ದಿನ ನಾನು ಬಿಸಿಲನ್ನೂ ಸರಿಸಲಿಲ್ಲ, ಬೇಲಿಯ ಮುಳ್ಳನ್ನೂ ಬಿಡಲಿಲ್ಲ. ಮುಗಿಸಿ ತೋರಿಸಿದಾಗ ಅವಳು ಬಗ್ಗಿ ಮೂಲೆಮೂಲೆಯಲ್ಲೂ ಹುಡುಕಿದಳು.

"ಸಸಿ ಎಲ್ಲಿ?"

"ಬಂಡೆಯ ಹಿಂದಿದೆ."

"ಕಾಣಲ್ವಲ್ಲ?"

"ಇಲ್ಲಿಂದ ಕಾಣಲ್ಲ, ರಕಿಯಾ."

"ಒಂದು ಚೂರು ಈಚೆ ತಂದ್ರೆ?"

"ನಾನಂತೂ ಮುಟ್ಟಲ್ಲ," ಎಂದು ಕುಂಚ ತೊಳೆದು ಎತ್ತಿಟ್ಟೆ. ಅವಳು ಗೊಣಗುತ್ತಾ ಚಿತ್ರವನ್ನು ಒಯ್ದು ಮೇಕೆ ಕೊಟ್ಟಿಗೆಯಲ್ಲಿ ನೇತುಹಾಕಿದಳು. ನಾನು ಬರೆದದ್ದರಲ್ಲೆಲ್ಲ ಅತ್ಯಂತ ನಿಜವಾದದ್ದು ಅದು, ಮತ್ತು ಅತ್ಯಂತ ಕೆಟ್ಟದ್ದು. ಮೇಕೆಗಳಿಂದ ಇದುವರೆಗೆ ದೂರು ಬಂದಿಲ್ಲ.